ಅಣ್ಣ ಹುಡುಕಿದ ದನಿ

ಹೋದ ತಿಂಗಳು ಕಾನಹೊಸಹಳ್ಳಿಯ ಸಂಬಂಧಿಕರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಆ ಮನೆಯ ಅಜ್ಜಿ ನೆನೆಸಿದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ಒಟ್ಟಿಗೆ ರುಬ್ಬಿ ಬಿದಿರಿನ ಮೊರಕ್ಕೆ ಮೆತ್ತುತ್ತಿದ್ದಳು. ಮೊರದ ಸಂದಿಗಳು ಮುಚ್ಚಲಿ, ಕಾಳು ಸೋರದಿರಲಿ ಎಂದು ಮೊದಲೆಲ್ಲ ಮನೆಮನೆಯಲ್ಲೂ ಹೀಗೆ ಹಚ್ಚುತ್ತಿದ್ದೆವು. ಆ ಕಹಿ ವಾಸನೆ ಮೂಗಿಗೆ ಬರುತ್ತಲೇ ಎರಡು ಹೆಜ್ಜೆ ಹಿಂದೆ ಸರಿದೆ. "ನೀನೂ ಒಂದು ಬುಟ್ಟಿಗೆ ಹಚ್ಚು ಬಾರವ್ವ, ನಿನ್ನ ಕೈ ಭಾಳ ಚೊಲೊ ಐತಂತಾರ" ಎಂದಳು ಅಜ್ಜಿ. ತಲೆನೋವು ಎಂದು ಹೇಳಿ ಎದ್ದು ಹೊರಗೆ ಬಂದೆ.

ನನ್ನ ಕೈ ಚೆನ್ನಾಗಿರುವುದು ನಿಜ. ಆ ಕೈ ಮಾಡಿದ ಕೆಲಸವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ...

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಣ್ಣ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಮದುವೆಗೆ, ಗಣಪತಿ ಕೂರಿಸಿದಲ್ಲಿಗೆ ಆರ್ಕೆಸ್ಟ್ರಾ ಕರೆಸುವ ಹುಚ್ಚು ನಮ್ಮ ಕಡೆಗೂ ಬಂದಿದ್ದ ಕಾಲ. ಹುಬ್ಬಳ್ಳಿಯ ವಾದಕನೊಬ್ಬ ಬಿಟ್ಟುಕೊಟ್ಟ ಹಳೆಯ ಬಾಸ್ ಗಿಟಾರೊಂದನ್ನು ಅಣ್ಣ ಹೊತ್ತು ತಂದ. ಅದರ ದಪ್ಪ ತಂತಿಗಳನ್ನು ನೋಡಿ ಅವ್ವ, "ಇದನ್ನ ಬಾರಸ್ತಾರೇನು, ಎಮ್ಮಿ ಕಟ್ತಾರೇನು?" ಎಂದಿದ್ದಳು. ಅಣ್ಣ ನಕ್ಕಿದ್ದ. ಬೇಗ ಕಲಿತ. ಸಂಜೆ ಹೊತ್ತು ರಸ್ತೆಯಲ್ಲಿ ಹೋಗುವವರು ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದರು. ಜನ ನಿಂತಷ್ಟೂ ಅವನ ಬೆರಳಿಗೆ ಹುರುಪು.

ನಾನು ಆಗ ಗಂಡನ ಮನೆ ಬಿಟ್ಟು ಬಂದಿದ್ದೆ. ಅಪ್ಪನ ತಮ್ಮ, ನಮ್ಮ ಕಾಕಾ, ಬಂದಾಗಲೆಲ್ಲ ಬಾಗಿಲಲ್ಲಿ ನಿಂತೇ, "ಇಕಿನ್ನ ಯಾವಾಗ ಕಳಸ್ತೀರಿ?" ಎಂದು ಕೇಳುತ್ತಿದ್ದ. ಅಣ್ಣ ಬೆಸುಗೆ ಹಾಕುತ್ತಿದ್ದ ಕೆಲಸದಿಂದ ತಲೆ ಎತ್ತದೆ, "ಆಕಿ ಇಲ್ಲೇ ಇರ್ತಾಳ ಬಿಡು ಕಾಕಾ" ಅನ್ನುತ್ತಿದ್ದ. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ನನ್ನ ಪರವಾಗಿ ಆ ಮನೆಯಲ್ಲಿ ಇದ್ದದ್ದು ಅಣ್ಣನ ಆ ಒಂದು ಮಾತು ಮಾತ್ರ.

ಆಗ ಹಿಂದಿ ಸಿನಿಮಾದ ಒಂದು ಹಾಡು ಎಲ್ಲರ ಬಾಯಲ್ಲಿತ್ತು. ಹಾಡುವವರು ಬಾಯಿ ತೆರೆಯುವ ಮೊದಲು ಅದರಲ್ಲಿ ಬಾಸ್ ಗಿಟಾರ್ ಒಂದೇ ಬರುತ್ತದೆ. ಸಾದಾ ದನಿಯಲ್ಲ, ಒಡೆದ ದನಿ. ಕಟ್ಟಿಹಾಕಿದ ಹೋರಿ ಗಂಟಲೊಳಗೇ ಗುಟುರು ಹಾಕಿದಂತೆ. ಟಾಕೀಸಿನಲ್ಲಿ ಆಟಕ್ಕೆ ಮೊದಲು ಆ ರೆಕಾರ್ಡು ಹಚ್ಚುತ್ತಿದ್ದರು. ಅಣ್ಣ ಹೊರಗೆ ನಿಂತು ಆ ಶುರುವಾತನ್ನಷ್ಟೇ ಕೇಳಿ, ಸಿನಿಮಾ ನೋಡದೆ ವಾಪಸು ಬರುತ್ತಿದ್ದ.

ಬೊಂಬಾಯಿಯ ವಾದಕರು ಕಾಲಲ್ಲಿ ಒತ್ತುವ ಒಂದು ಡಬ್ಬಿ ಇಟ್ಟುಕೊಂಡಿರುತ್ತಾರೆ, ಪೆಡಲ್ ಅಂತ, ಅದನ್ನು ಒತ್ತಿದರೆ ದನಿ ಒಡೆಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಅದನ್ನು ಕೊಳ್ಳುವುದು ಎಲ್ಲಿಂದ? ಹಳೆಯ ರೇಡಿಯೊಗಳಿಂದ ಟ್ರಾನ್ಸಿಸ್ಟರ್ ಬಿಚ್ಚಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿ, ತಾನೇ ಮಾಡಿದ. ನಮ್ಮ ಊರಿನ ಬಿಸಿಲಿಗೆ ಆ ಟ್ರಾನ್ಸಿಸ್ಟರುಗಳು ಕಾದು ದನಿ ತೊದಲುತ್ತಿತ್ತು. ಅದಕ್ಕೆ ಡಬ್ಬಿಯನ್ನು ಕುಡಿಯುವ ನೀರಿನ ಮಡಕೆಯ ಪಕ್ಕ ಒದ್ದೆ ಗೋಣಿಯ ಮೇಲೆ ಇಡುತ್ತಿದ್ದ. ಆದರೂ ಬರುತ್ತಿದ್ದದ್ದು ತೆಳ್ಳನೆಯ ದನಿ, ಕಿವಿಯ ಹತ್ತಿರ ಸೊಳ್ಳೆ ಬಂದಂತೆ. ಡ್ರಮ್ ಬಾರಿಸುವ ಅವನ ಗೆಳೆಯ ಹರಪನಹಳ್ಳಿಯವನು. "ಲೇ, ಹೋರಿ ಕೇಳಿದ್ರ ಸೊಳ್ಳಿ ಕಟ್ಟಿಯಲ್ಲೋ" ಎಂದು ಕಾಡಿಸುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮುಂದಿನ ಕೋಣೆಯಿಂದ ಆ ದನಿ ಬಂತು. ಅದೇ... ಗುಟುರು. ನೆಲದ ಕಲ್ಲಿನಿಂದ ನನ್ನ ಪಾದಕ್ಕೆ ಹತ್ತಿತು. ಓಡಿ ಹೋಗಿ ನೋಡಿದರೆ ಅಣ್ಣನ ಕಣ್ಣಲ್ಲಿ ನೀರು. ಏನು ಮಾಡಿದೆ ಎಂದು ಕೇಳಿದೆ. ಹೇಳಲಿಲ್ಲ. ಸ್ಪೀಕರಿನ ಪೆಟ್ಟಿಗೆಯ ಮುಂದೆ ಹಳೆಯ ಧೋತರ ಇಳಿಬಿಟ್ಟಿದ್ದ. ಬಾರಿಸಿದಾಗ ಆ ಬಟ್ಟೆ ಉಸಿರಾಡುವಂತೆ ಅಲುಗುತ್ತಿತ್ತು.

ಸುದ್ದಿ ದಾವಣಗೆರೆಯ ಆರ್ಕೆಸ್ಟ್ರಾ ಮಾಲೀಕರಿಗೆ ಮುಟ್ಟಿತು. ಹೋದಲ್ಲೆಲ್ಲ ಜನ ಅದೇ ಹಾಡು ಕೇಳುತ್ತಾರೆ, ಆ ಶುರುವಾತು ಬಾರಿಸುವವರು ತಮ್ಮಲ್ಲಿಲ್ಲ, ಹುಡುಗನ ದನಿ ನಿಜವಾದರೆ ಅಂದೇ ಜೊತೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿ ಕಳಿಸಿದರು. ಅವರು ಬರುವ ಹಿಂದಿನ ದಿನ ಅಣ್ಣ ಹೊಸ ತಂತಿ ತರಲು ಹರಪನಹಳ್ಳಿಗೆ ಹೋದ. ರಾತ್ರಿ ಗೆಳೆಯನ ಮನೆಯಲ್ಲಿದ್ದು, ಮರುದಿನ ಅದೇ ದಾರಿಯಲ್ಲಿ ಬರುವ ಮಾಲೀಕರ ಕಾರಿನಲ್ಲೇ ಇಬ್ಬರೂ ಬರುವುದೆಂದು ಮಾತಾಗಿತ್ತು. ಹೋಗುವಾಗ, "ತಂಗಿ, ಕೋಣಿ ಒಂದೀಟು ಚೊಕ್ಕ ಮಾಡಿಡು. ದೊಡ್ಡ ಮಂದಿ ಬರ್ತಾರ" ಎಂದ.

ನಾನು ಕಸ ಗುಡಿಸಿದೆ. ಒಗೆಯಲೆಂದು ಧೋತರ ತೆಗೆದೆ. ಒಳಗೆ ಸ್ಪೀಕರಿನ ಕಪ್ಪು ಕಾಗದ ಉದ್ದಕ್ಕೆ ಹರಿದಿತ್ತು. ನನಗೆ ನಾಚಿಕೆಯಾಯಿತು. ಇಲಿ ಕಡಿದಿರಬೇಕು, ಅಣ್ಣ ಹೊಸದು ತರಲಾಗದೆ ಬಟ್ಟೆ ಮುಚ್ಚಿದ್ದಾನೆ ಅಂದುಕೊಂಡೆ. ಅವತ್ತು ಮೊರಗಳಿಗೆಂದು ಮೆಂತ್ಯ ರುಬ್ಬಿಟ್ಟಿದ್ದೆ. ಅದರಲ್ಲಿ ಒಂದು ಮುದ್ದೆಯನ್ನು ಮತ್ತೆ ನುಣ್ಣಗೆ ರುಬ್ಬಿ, ತೆಳು ಕಾಗದದ ಪಟ್ಟಿ ಇಟ್ಟು, ಸೀಳಿನ ಉದ್ದಕ್ಕೂ ಸವರಿದೆ. ಒಣಗಿದ ಮೇಲೆ ಮೊರವನ್ನು ನೋಡುವಂತೆ ಉಗುರಿನಿಂದ ತಟ್ಟಿ ನೋಡಿದೆ. ಬಿರುಕು ಉಳಿದಿದ್ದರೆ ಗರಗರ ಅನ್ನುತ್ತದೆ, ಕೂಡಿದ್ದರೆ ಬಿಗಿಯಾಗಿ ಟಕ್ ಅನ್ನುತ್ತದೆ. ಟಕ್ ಅಂದಿತು. ಒಗೆದ ಧೋತರವನ್ನು ಮತ್ತೆ ಇಳಿಬಿಟ್ಟೆ. ಅಣ್ಣನೇ ನೋಡಿ ಖುಷಿಪಡಲಿ ಎಂದು ಅವ್ವನಿಗೂ ಹೇಳಲಿಲ್ಲ.

ಮರುದಿನ ಕಾರು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾಲೀಕರು ಕುರ್ಚಿಯನ್ನು ಸ್ಪೀಕರಿನ ಎದುರಿಗೇ ಹಾಕಿಸಿಕೊಂಡು ಕೂತರು. ಹೊರಗೆ ಓಣಿಯ ಜನ. ನಾನು ನಡುಮನೆಯ ಬಾಗಿಲ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅಣ್ಣ ತಂತಿ ಬಿಗಿದ, ಗೆಳೆಯನ ಕಡೆ ನೋಡಿ ನಕ್ಕ, ಡಬ್ಬಿಯನ್ನು ಒತ್ತಿ ಬಾರಿಸಿದ.

ಸೊಳ್ಳೆ.

ಅಣ್ಣ ನಿಲ್ಲಿಸಿದ. ಮತ್ತೆ ಒತ್ತಿದ. ಮತ್ತೆ ಅದೇ. ಗೆಳೆಯ, "ಡಬ್ಬಿ ಕಾದೈತ್ರಿ, ಒಂದೀಟು ತಡೀರಿ" ಎಂದು ಗೋಣಿಗೆ ನೀರು ಚಿಮುಕಿಸಿದ. ಎಲ್ಲರೂ ಕಾದೆವು. ಅಣ್ಣ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಬೆವರು ಅವನ ಗಲ್ಲದಿಂದ ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ಪೀಕರಿನ ಕಡೆಗೆ ಅವನು ತಿರುಗಿಯೂ ನೋಡಲಿಲ್ಲ. ಹರಿದದ್ದು ತಾನಾಗಿಯೇ ಕೂಡುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ನನಗೆ ಮಾತ್ರ ತಿಳಿದುಹೋಯಿತು. ಆ ಗುಟುರಿನ ಅಡಿಯಲ್ಲಿ ಇಷ್ಟು ದಿನ ಇದ್ದದ್ದು, ಬಿರುಕು ಬಿಟ್ಟ ಮೊರದಂತೆ, ಆ ಹರಿದ ಕಾಗದದ ಗರಗರ. ಈಗ ಅದೇ ಇರಲಿಲ್ಲ. ನಾನು ಮುಚ್ಚಿಬಿಟ್ಟಿದ್ದೆ.

ನಾಲ್ಕು ಹೆಜ್ಜೆ ಮುಂದೆ ಬಂದು, ಧೋತರದ ಹಿಂದೆ ಕೈ ಹಾಕಿ, ಆ ಪಟ್ಟಿಯನ್ನು ಎಳೆದಿದ್ದರೆ ಸಾಕಿತ್ತು. ಗಂಡಸರ ನಡುವೆ ಹೋಗಲು ಅಂಜಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಂಜಿಕೆ ಇತ್ತು. ಆದರೆ ಮಾಲೀಕರು ಕೈಗಡಿಯಾರ ನೋಡಿಕೊಂಡಾಗ ನನ್ನ ಎದೆಯೊಳಗೆ ಏನೋ ಸಡಿಲಾಯಿತು. ಅಣ್ಣ ಹೋಗುವುದಿಲ್ಲ. ಅಣ್ಣ ಹೋಗದಿದ್ದರೆ ಕಾಕಾ ನನ್ನನ್ನು ಗಂಡನ ಮನೆಗೆ ಕಳಿಸಲಾರ. ಅಂಜಿಕೆಯ ಅಡಿಯಲ್ಲಿ ಇದ್ದದ್ದು ಇದು.

"ಗುಡುಗು ಕೇಳುಸ್ತೀನಿ ಅಂತ ಇಷ್ಟು ದೂರ ಕರೆಸಿ ಸೊಳ್ಳೆ ಕೇಳಿಸ್ದಲ್ಲಪ್ಪ" ಎಂದು ಮಾಲೀಕರು ಎದ್ದರು. ಕೆಟ್ಟ ಮನುಷ್ಯರಲ್ಲ, ನಗುತ್ತಲೇ ಅಂದರು. ಓಣಿಯ ಜನವೂ ನಕ್ಕರು. ಅಣ್ಣ ಅವರನ್ನು ಕಾರಿನ ತನಕ ಕಳಿಸಲು ಹೋದ, "ಇನ್ನೊಂದು ಸಲ ಕೇಳ್ರಿ ಸರ, ಒಂದೇ ಸಲ" ಎನ್ನುತ್ತ. ಗೆಳೆಯನೂ ಹಿಂದೆ ಹೋದ.

ಕೋಣೆ ಖಾಲಿಯಾಯಿತು. ನಾನು ಆಗ ಮಾಡಿದ್ದೇ ದೊಡ್ಡ ತಪ್ಪು. ಒದ್ದೆ ಬೆರಳಿನಿಂದ ಪಟ್ಟಿಯನ್ನು ನೆನೆಸಿ, ಎಳೆದು ತೆಗೆದು, ಅಂಟಿದ ಮೆಂತ್ಯವನ್ನು ಸೆರಗಿನಿಂದ ಒರೆಸಿ, ಸೀಳನ್ನು ಮೊದಲಿನಂತೆ ಮಾಡಿ ಧೋತರ ಇಳಿಬಿಟ್ಟೆ. ನನ್ನ ಕೆಲಸ ಅವನ ಕಣ್ಣಿಗೆ ಬೀಳಬಾರದು ಅಷ್ಟೇ ನನಗೆ ಬೇಕಿತ್ತು.

ಮರುದಿನ ಅದೇ ಹೊತ್ತಿಗೆ, ಅದೇ ಬಿಸಿಲಿನಲ್ಲಿ ಅಣ್ಣ ಡಬ್ಬಿಯನ್ನು ಒತ್ತಿದ. ಗುಟುರು ಬಂತು, ಮೊದಲಿಗಿಂತ ತುಸು ಹೆಚ್ಚೇ. ಗೆಳೆಯ ಕುಣಿದಾಡಿದ. "ನಡಿಯಲೇ, ಇವತ್ತ ದಾವಣಗೆರಿಗೆ ಹೊತ್ಕೊಂಡು ಹೋಗಾನ." ಅಣ್ಣ ಗಿಟಾರನ್ನು ಗೋಡೆಗೆ ಒರಗಿಸಿದ.

"ಬ್ಲೇಡಿಲೆ ನಾನಾ ಕೊಯ್ದ ಸ್ಪೀಕರು ಹಂಗಾ ಐತಿ. ಡಬ್ಬಿ ಹಂಗಾ ಐತಿ. ಬಿಸಿಲೂ ಅದಾ. ಮಂದಿ ಮುಂದ ಕೈ ಸತ್ತದ್ದು ನಂದು."

"ಹುಚ್ಚಿದ್ದೀಯೇನಲೇ? ಕೈಗೂ ಡಬ್ಬಿಗೂ ಏನು ಸಂಬಂಧ?"

"ಹಂಗಾರ ನೀನಾ ಹೇಳು, ಏನು ಬದಲಾತು?"

ಉತ್ತರ ಗೊತ್ತಿದ್ದವಳು ಒಳಗೆ ಜೋಳದ ಹಿಟ್ಟು ನಾದುತ್ತಿದ್ದಳು.

ಪಟ್ಟಿಯನ್ನು ಹಾಗೇ ಬಿಟ್ಟಿದ್ದರೆ ಅವನು ನೋಡುತ್ತಿದ್ದ, ಬೈಯುತ್ತಿದ್ದ, ಕಿತ್ತೆಸೆದು ಮರುದಿನವೇ ದಾವಣಗೆರೆಯ ಬಸ್ಸು ಹತ್ತುತ್ತಿದ್ದ. ಕಾರಣ ಸಿಗದ್ದರಿಂದ ತನ್ನನ್ನೇ ಕಾರಣ ಮಾಡಿಕೊಂಡ. ಹಗರಿಬೊಮ್ಮನಹಳ್ಳಿಯಿಂದ ಮದುವೆಯ ಕರೆ ಬಂತು, ಹೂವಿನಹಡಗಲಿಯಿಂದ ಬಂತು. ಯಾವುದಕ್ಕೂ ಹೋಗಲಿಲ್ಲ. ಗೆಳೆಯ ಬರಬರುತ್ತ ನಮ್ಮ ಮನೆಗೆ ಬರುವುದನ್ನೇ ಬಿಟ್ಟುಬಿಟ್ಟ. ಕಾಕಾ ಬಂದಾಗ ಅಣ್ಣ ಮಾತ್ರ ಅದೇ ಮಾತು ಹೇಳುತ್ತಲೇ ಇದ್ದ, "ಆಕಿ ಇಲ್ಲೇ ಇರ್ತಾಳ ಬಿಡು." ಆ ಮಾತಿನ ನೆರಳಿನಲ್ಲಿಯೇ ನಾನು ಬದುಕಿದೆ.

ಬಾರಿಸುವುದನ್ನು ಪೂರ್ತಿ ಬಿಡಲಿಲ್ಲ ಅವನು. ಅಂಗಡಿ ಮುಚ್ಚಿ, ಒಳಗಿನಿಂದ ಅಗಳಿ ಹಾಕಿಕೊಂಡು ಬಾರಿಸುತ್ತಿದ್ದ. ನಾನು ಚಹಾ ತಂದು ಬಾಗಿಲು ತಟ್ಟಿದರೆ ದನಿ ನಿಂತುಬಿಡುತ್ತಿತ್ತು. ಅವನಿಗೆ ನಾನೂ ಮಂದಿಯೇ ಆಗಿಬಿಟ್ಟಿದ್ದೆ. ಬಾಗಿಲ ಹೊರಗೆ ಚಹಾ ಆರುವ ತನಕ ನಿಂತು ಕೇಳಿ, ಮತ್ತೆ ಬಿಸಿ ಮಾಡಲು ಒಲೆಯ ಹತ್ತಿರ ಹೋದ ದಿನಗಳು ಎಷ್ಟೋ...

ಅಣ್ಣ ಹಾಸಿಗೆ ಹಿಡಿದಾಗ ಒಮ್ಮೆ ಧೈರ್ಯ ಮಾಡಿದೆ. "ಅಣ್ಣಾ, ಅವತ್ತು ಆ ಸ್ಪೀಕರು..." ಎಂದೆ. "ಬ್ಯಾಡವ್ವ. ಆ ದಿನದ ಸುದ್ದಿ ತಗೀಬ್ಯಾಡ" ಎಂದು ಗೋಡೆಯ ಕಡೆ ಹೊರಳಿದ. ನಾನು ಅವನ ಹೊದಿಕೆ ಸರಿಮಾಡಿ ಎದ್ದೆ. ಅವನ ಮಾತಿಗೆ ಬೆಲೆ ಕೊಟ್ಟೆ ಎಂದು ಹೇಳಲಾರೆ. ಹೇಳುವುದು ತಪ್ಪಿತಲ್ಲ ಎಂದು ನನಗೆ ಹಗುರಾಗಿತ್ತು.

ಅವನು ಹೋದ ಮೇಲೆ ಆ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಅಗಳಿ ಹಾಕುವವರಿಲ್ಲ, ಬಾಗಿಲು ತೆರೆದೇ ಇರುತ್ತದೆ. ನಾನು ಯಾವಾಗ ಬೇಕಾದರೂ ಒಳಗೆ ಹೋಗುತ್ತೇನೆ. ನಾನು ಹೋದರೆ ನಿಂತುಬಿಡುವ ದನಿ ಅಲ್ಲಿ ಈಗ ಯಾವುದೂ ಇಲ್ಲ.