ಹೊಡೆಯುವವಳೋ, ಹಿಡಿಯುವವಳೋ

ಕಳೆದ ತಿಂಗಳು ಹರಪನಹಳ್ಳಿಯಲ್ಲಿ ಟಿಫಿನ್ ಡಬ್ಬಿ ಕೊಳ್ಳಲು ಒಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹೊಸ ಡಬ್ಬಿಗೆ ಸುತ್ತಿದ್ದ ಹಳೇ ಪೇಪರ್ ಬಿಚ್ಚಿದ. ಹೊಸ ಸ್ಟೀಲಿಗೆ ಹತ್ತಿದ ಎಣ್ಣೆ, ಒಣಹುಲ್ಲು, ಪೇಪರಿನ ಮಸಿ... ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಬ್ಬಿಯ ಮುಚ್ಚಳ ತೆಗೆದು ನೋಡುವುದನ್ನೂ ಮರೆತು ನಿಂತುಬಿಟ್ಟೆ. ಕಣ್ಣು ತಾನಾಗಿಯೇ ಅಟ್ಟದ ಕಡೆ ಹೋಯಿತು.

ಕೊಟ್ಟೂರಿನ ಪಾತ್ರೆ ಅಂಗಡಿಯ ಅಕ್ಕಾರು ನೆನಪಾದದ್ದು ಹೀಗೆ. ಊರೆಲ್ಲ ಅವರನ್ನು ಅಕ್ಕಾರು ಎಂದೇ ಕರೆಯುತ್ತಿತ್ತು; ನಾನೂ ಹಾಗೇ ಕರೆದೆ. ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆಯುಟ್ಟು ಗಲ್ಲಾದ ಹಿಂದೆ ಕೂತ ಆ ಹೆಂಗಸು ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಸಾಫ್ಟ್‌ಬಾಲ್ ಆಡಿದವರು ಎಂದರೆ ಹೊಸಬರು ನಂಬುತ್ತಿರಲಿಲ್ಲ.

ನಾನು ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದು, ಮಕ್ಕಳನ್ನೂ ಸಾಲಿನಲ್ಲಿ ನಿಲ್ಲಿಸಿಯೇ ಬೆಳೆಸಿದೆ. ನಮ್ಮ ತಾಲ್ಲೂಕುಗಳೆಲ್ಲ ಸೇರಿ ಹೊಸ ಜಿಲ್ಲೆಯಾದಾಗ ಹರಪನಹಳ್ಳಿಯೂ ನಮ್ಮ ಜೊತೆಗೆ ಬಂತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಎಲ್ಲ ಕಡೆಯ ಶಾಲಾ ಹುಡುಗಿಯರನ್ನು ಸೇರಿಸಿ, ಮೊದಲ ಬಾರಿಗೆ ಒಂದು ಸಾಫ್ಟ್‌ಬಾಲ್ ತಂಡ ಕಟ್ಟಿ ವಿಭಾಗ ಮಟ್ಟದ ಪಂದ್ಯಾವಳಿಗೆ ಕಲಬುರಗಿಗೆ ಕರೆದೊಯ್ಯಬೇಕಿತ್ತು. ಆಯ್ಕೆಗೆ ನನ್ನನ್ನೂ ಅಕ್ಕಾರನ್ನೂ ಕೂರಿಸಿದರು. ಕೊಟ್ಟೂರಿನಲ್ಲಿ ಒಂದು ವಾರದ ಶಿಬಿರ. ಕೊನೆಯ ಸಂಜೆ ಹೆಸರು ಕೂಗಬೇಕು.

ಎರಡೇ ದಿನದಲ್ಲಿ ತಂಡ ಹೆಚ್ಚುಕಡಿಮೆ ಸಿದ್ಧವಾಯಿತು. ಉಳಿದದ್ದು ಒಂದು ಜಾಗ. ಅದಕ್ಕೆ ಇಬ್ಬರು.

ಒಬ್ಬಳು ಹೊಳಲಿನವಳು. ಚೆಂಡು ಕಲ್ಲಿಗೆ ತಾಗಿ ಎತ್ತ ಪುಟಿದರೂ ಅವಳ ಗ್ಲೌಸ್ ಅಲ್ಲಿ ಮೊದಲೇ ಕಾಯುತ್ತಿರುತ್ತಿತ್ತು. ಆದರೆ ಬ್ಯಾಟು ಕೊಟ್ಟರೆ ಸೂರ್ಯಕಾಂತಿ ತೆನೆ ಬಡಿಯುವಂತೆ ಮೇಲಿಂದ ಕೆಳಕ್ಕೆ ಬಾರಿಸುತ್ತಿದ್ದಳು. ಚೆಂಡು ಅವಳ ಕಾಲ ಬುಡದಲ್ಲೇ ಸಾಯುತ್ತಿತ್ತು. ಇನ್ನೊಬ್ಬಳು ತಂಬ್ರಹಳ್ಳಿಯವಳು, ಕುರಿ ಸಾಕುವ ಮನೆಯ ಹುಡುಗಿ. ಅವಳು ಬೀಸಿದ ಚೆಂಡು ಮೈದಾನದ ಬೇಲಿ ದಾಟಿ ಜಾಲಿ ಗಿಡಗಳೊಳಗೆ ಹೋಗುತ್ತಿತ್ತು. ಹುಡುಕಲು ಹೋದವರು ಮುಳ್ಳು ತುಳಿದು ಬೈಯುತ್ತ ಬರುತ್ತಿದ್ದರು. ಆದರೆ ಹಿಡಿಯುವುದು... ತಪ್ಪಿಸಿಕೊಂಡ ಕುರಿಮರಿಯನ್ನು ಎರಡೂ ತೋಳಿನಲ್ಲಿ ಬಾಚಿ ಎದೆಗವಚಿಕೊಳ್ಳುತ್ತಾರಲ್ಲ, ಹಾಗೆ ಚೆಂಡನ್ನು ಅಪ್ಪಲು ಹೋಗುತ್ತಿದ್ದಳು. ಮರಿ ಎದೆಯಲ್ಲಿ ನಿಲ್ಲುತ್ತದೆ, ಚೆಂಡು ನಿಲ್ಲುವುದಿಲ್ಲ. ಬಡಿದು, ಪುಟಿದು, ಓಡುತ್ತಿತ್ತು.

ವಯಸ್ಸಿನ ನಿಯಮದ ಪ್ರಕಾರ ಅವಳಿಗೆ ಅದೇ ಕೊನೆಯ ವರ್ಷ. ಆ ಸಲ ಹೆಸರು ಬಾರದಿದ್ದರೆ ಜಿಲ್ಲೆಯ ಅಂಗಿ ತೊಡುವ ಭಾಗ್ಯ ಮತ್ತೆ ಇಲ್ಲ. ಅದು ಅವಳಿಗೂ ಗೊತ್ತಿತ್ತು. ಊಟಕ್ಕೆ ಎಲ್ಲರೂ ಓಡಿದರೂ ಅವಳು ಶಾಲೆಯ ಗೋಡೆಗೆ ಚೆಂಡು ಎಸೆದು ಎಸೆದು, ಮತ್ತೆ ಮತ್ತೆ ಬೀಳಿಸುತ್ತಿದ್ದಳು.

ನನಗೆ ಅನುಮಾನವೇ ಇರಲಿಲ್ಲ. "ಅಕ್ಕಾರ, ಹೊಡತ ಅನ್ನೋದು ಇವತ್ತು ಬರ್ತೈತಿ, ನಾಳೆ ಕೈ ಕೊಡ್ತೈತಿ. ಹಿಡಿಯೋಕಿ ದಿನಾ ಹಿಡೀತಾಳ. ಹೊಳಲಿನಾಕಿನ್ನ ತಗೊಳ್ಳೋಣ."

"ಹಿಡಿಯೋದನ್ನ ಕಲಿಸಬಹುದು ಸರ. ನನ್ನ ಅಂಗಡಿ ಆಳುಗಳು ಏನು ಹುಟ್ಟುತ್ಲೇ ಕಲ್ತು ಬಂದಾರೇನು? ಚೆಂಡು ಬರೋದನ್ನ ಅಷ್ಟು ಲಗೂನ ಕಾಣೋ ಕಣ್ಣು ಮಾತ್ರ ಯಾವ ಅಂಗಡ್ಯಾಗೂ ಸಿಗಂಗಿಲ್ಲ."

"ಸಾಲಾಗ ನಿಲ್ಸಿ ಎರಡು ದಿನ ಹೇಳಿಕೊಟ್ಟೀನಿ. ಬರ್ಲಿಲ್ಲ."

"ಸಾಲಾಗ ನಿಲ್ಸೀರಿ, ಅದಕ್ಕ ಬಂದಿಲ್ಲ!" ಎಂದು ನಕ್ಕರು. "ಕೊನೀ ದಿನದ ತನಕ ಮಧ್ಯಾಹ್ನ ಆಕಿನ್ನ ನನ್ನ ಕೈಗೆ ಬಿಡ್ರಿ. ಆಮ್ಯಾಲೆ ನೀವು ಹೇಳಿದ್ದೇ ಆಗ್ಲಿ."

ಪಾತ್ರೆ ಅಂಗಡಿಯಲ್ಲಿ ಒಂದು ಪದ್ಧತಿಯುಂಟು. ಅಟ್ಟದ ಮೇಲಿದ್ದವರು ಬೇಕಾದ ಪಾತ್ರೆಯನ್ನು ಕೆಳಗೆ ಎಸೆಯುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಪ್ರತಿ ಸಲ ಏಣಿ ಹತ್ತಿ ಇಳಿಯುತ್ತ ಕೂತರೆ ಗಿರಾಕಿ ಎದ್ದು ಹೋಗುತ್ತಾನೆ. ಹಿಡಿದಾಗ ಸಪ್ಪಳ ಬರಬಾರದು. ಬಂದರೆ ಪಾತ್ರೆ ನೆಗ್ಗಿತೆಂದೇ ಅರ್ಥ.

ನಾನು ಹೋಗಿ ನೋಡಿದಾಗ ಅಕ್ಕಾರು ಸೀರೆ ಎತ್ತಿ ಕಟ್ಟಿ ತಾವೇ ಅಟ್ಟ ಏರಿ ಕೂತಿದ್ದರು. ಹುಡುಗಿ ಕೆಳಗೆ ನಿಂತಿದ್ದಳು. ಮೇಲಿಂದ ಬಂದ ಬೋಗುಣಿಯನ್ನು ಅವಳು ಅಪ್ಪಲು ಹೋದಳು. ಅದು ಅವಳ ಗದ್ದಕ್ಕೆ ಬಡಿದು, ಗಲ್ಲಾದ ಮೇಲೆ ಬಿದ್ದು, ಠಣಠಣ ಎನ್ನುತ್ತ ಬೀದಿಗೆ ಉರುಳಿತು.

"ಯವ್ವಾ ತಾಯಿ, ಅದು ನಿಮ್ಮ ಮನಿ ಮರಿ ಅಲ್ಲ! ಅಪ್ಪಬ್ಯಾಡ. ಅದು ಬಂದಂಗ ಅದರ ಜೋಡಿ ಕೈ ಕೆಳಗ ಹೋಗ್ಲಿ. ಹಸಗೂಸು ತಗೊಂಡಂಗ ತಗೋ."

ಹುಡುಗಿ ಗದ್ದ ಉಜ್ಜಿಕೊಂಡಳು. "ಕೂಸನ್ನ ಯಾರರ ಅಟ್ಟದ ಮ್ಯಾಲಿಂದ ಒಗೀತಾರೇನ್ರಿ ಅಕ್ಕಾರ?"

"ಬಾಯಿ ಜೋರೈತಿ, ಕೈ ಜೋರು ಮಾಡು ಲೇ!"

ಗಿರಾಕಿಗಳು ಬಂದ ಕೆಲಸ ಮರೆತು ನಿಂತರು. ಮಗಳ ಮದುವೆಗೆ ಪಾತ್ರೆ ಕೊಳ್ಳಲು ಇಟ್ಟಿಗಿ ಊರಿನಿಂದ ಬಂದಿದ್ದವರೊಬ್ಬರು, "ನೆಗ್ಗಿದ್ದು ನಮ್ಮ ಗಂಟಿಗೆ ಹಾಕಬ್ಯಾಡ್ರಿ ಮತ್ತ!" ಎಂದು ಕೂಗಿದರು. ದಿನದಿಂದ ದಿನಕ್ಕೆ ಸಪ್ಪಳ ಇಳಿಯಿತು. ಕೊನೆಯ ಮಧ್ಯಾಹ್ನ ಅಕ್ಕಾರು ಕೊಳಗದಿಂದ ಲೋಟದವರೆಗೆ ಒಂದೇ ಸಮನೆ ಎಸೆದರು. ಬೀದಿಯ ಆಟೋಗಳ ಸದ್ದು ಬಿಟ್ಟರೆ ಅಂಗಡಿಯೊಳಗೆ ಏನೂ ಕೇಳಿಸಲಿಲ್ಲ.

ಸಂಜೆ ನಾನೇ ಅವಳ ಹೆಸರು ಕೂಗಿದೆ. ಹೊಳಲಿನವಳ ಕಣ್ಣು ತುಂಬಿತು. ಅವಳಿಗೆ ಇನ್ನೂ ವಯಸ್ಸಿತ್ತು, ಮುಂದಿನ ವರ್ಷ ಬಂದೇ ಬರುತ್ತಾಳೆ ಎಂದು ತಿಳಿದಿದ್ದರೂ ಅವಳ ಮುಖ ನೋಡುವುದು ಕಷ್ಟವಾಯಿತು.

ಕಲಬುರಗಿಯ ಆ ಮೊದಲ ಪಂದ್ಯ ನೆನೆದರೆ ಈಗಲೂ ಕುರ್ಚಿಯ ತುದಿಗೆ ಬಂದು ಕೂರುತ್ತೇನೆ! ಹೊಡೆಯುತ್ತಾಳೆಂದು ಅಷ್ಟು ವಾದ ಮಾಡಿ ಕರೆದೊಯ್ದ ಹುಡುಗಿ ಬ್ಯಾಟು ಹಿಡಿದಾಗಲೆಲ್ಲ ಗಾಳಿಗೆ ಬೀಸಿ ಔಟಾದಳು.

"ಏನಂದಿದ್ನಿ ನಾನು?" ಎಂದೆ.

"ಸುಮ್ಕಿರ್ರಿ ಸರ, ಆಟ ಮುಗಿದಿಲ್ಲ," ಎಂದರು ಅಕ್ಕಾರು, ನನ್ನ ಕಡೆ ತಿರುಗದೆ.

ಕೊನೆಯ ಇನಿಂಗ್ಸ್. ನಾವು ಒಂದೇ ರನ್ ಮುಂದೆ. ಇನ್ನೊಂದು ಔಟ್ ಸಿಕ್ಕರೆ ಪಂದ್ಯ ನಮ್ಮದು. ಆದರೆ ಎದುರಾಳಿಗಳ ಇಬ್ಬರು ಓಡಲು ತುದಿಗಾಲಲ್ಲಿ ನಿಂತಿದ್ದರು. ಅವರ ಹುಡುಗಿ ಹೊಡೆದ ಚೆಂಡು ಎತ್ತರಕ್ಕೆ ಎದ್ದು ಬಲಗಡೆಯ ಮೂಲೆಗೆ ಹೊರಟಿತು. ಅಲ್ಲಿದ್ದವಳು ತಂಬ್ರಹಳ್ಳಿಯವಳು. ಬಿದ್ದರೆ ಇಬ್ಬರೂ ಓಡಿ ಮುಗಿಸುತ್ತಾರೆ, ನಾವು ಸೋತೆವು. ಅವಳು ಹಿಂದಕ್ಕೆ ಓಡಿದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು, ಎರಡೂ ತೋಳು ಅಗಲಿಸಿದಳು... ಅಯ್ಯೋ, ಅಪ್ಪಲು ಹೋದಳು ಎಂದುಕೊಂಡೆ. ತೋಳು ಅರ್ಧದಲ್ಲೇ ನಿಂತವು. ಕೈ ಮುಂದೆ ಬಂದವು, ಚೆಂಡಿನ ಜೊತೆಗೇ ಮೆಲ್ಲಗೆ ಮೊಣಕಾಲಿನ ತನಕ ಇಳಿದವು. ಚೆಂಡು ಗ್ಲೌಸಿನಲ್ಲಿ ಕೂತಿತ್ತು.

ಜೀವಮಾನವಿಡೀ ಯಾರನ್ನೂ ಸಾಲು ಮುರಿಯಲು ಬಿಡದ ನಾನು ಗೆರೆ ದಾಟಿ ಮೈದಾನದ ನಡುವೆ ಕುಣಿಯುತ್ತಿದ್ದೆ. ಅಕ್ಕಾರು ನನಗಿಂತ ಮೊದಲೇ ಅಲ್ಲಿದ್ದರು.

ಮರುದಿನದ ಪಂದ್ಯದಲ್ಲಿ ಸೋತೆವು. ಸೋಜಿಗವೆಂದರೆ ಅಂದು ಅವಳು ಹೊಡೆದ ಚೆಂಡು ಕಾಂಪೌಂಡ್ ದಾಟಿತು! ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮ ವಾದ ಮತ್ತೆ ಶುರುವಾಯಿತು. ಹೊಡೆತ ಮೊದಲ ದಿನ ಕೈ ಕೊಟ್ಟಿತಲ್ಲ ಎಂದು ನಾನು, ಹಿಡಿಯುವುದನ್ನು ಕಲಿಸಿದೆನಲ್ಲ ಎಂದು ಅವರು. ಕೊನೆಗೆ ಮುಂದಿನ ಸೀಟಿನಿಂದ ಜಿಲ್ಲೆಯ ಅಂಗಿ ತೊಟ್ಟ ಹುಡುಗಿಯೇ ತಿರುಗಿ, "ಇಬ್ರೂ ಗೆದ್ದೀರಿ, ಈಗ ಮಲಗಾಕ ಬಿಡ್ರಿ!" ಎಂದಳು.

ಆಮೇಲೆ ಪ್ರತಿ ವರ್ಷವೂ ಆಯ್ಕೆಗೆ ನಾವಿಬ್ಬರೇ. ಪ್ರತಿ ವರ್ಷವೂ ಅದೇ ವಾದ. ಹೋದ ವರ್ಷ ಅಕ್ಕಾರು ತೀರಿಕೊಂಡರು. ಅದರ ಹಿಂದಿನ ವಾರವಷ್ಟೇ ಮಾತಾಡಿಸಿ ಬಂದಿದ್ದೆ...

ಈ ಸಲದ ಆಯ್ಕೆ ಕೂಡ್ಲಿಗಿಯಲ್ಲಿ ನಡೆಯಿತು. ಕೊನೆಯ ಜಾಗಕ್ಕೆ ಮತ್ತೆ ಇಬ್ಬರು. ಒಬ್ಬಳು ಹೊಡೆಯುತ್ತಾಳೆ, ಒಬ್ಬಳು ಹಿಡಿಯುತ್ತಾಳೆ. ಹಿಡಿಯುವವಳು ಇರಲಿ ಎಂದೆ. ಪಕ್ಕದಲ್ಲಿ ಕೂತಿದ್ದ ಹೊಸ ಶಿಕ್ಷಕ, "ನೀವು ಹೇಳಿದಂಗ ಆಗ್ಲಿ ಸರ," ಎಂದ. ಮುಗಿಯಿತು. ತಂದಿಟ್ಟ ಚಹಾ ಇನ್ನೂ ಬಿಸಿಯಾಗಿತ್ತು. ಆಚೆ ಹೊಡೆಯುವ ಹುಡುಗಿ ಬ್ಯಾಟಿನ ಮೇಲೆ ಗದ್ದ ಊರಿ ನಮ್ಮನ್ನೇ ನೋಡುತ್ತಿದ್ದಳು.

"ಹಂಗಲ್ಲಪ್ಪ," ಎಂದೆ. "ನೀನು ಆಕಿ ಕಡೆ ಮಾತಾಡು. ನನ್ನ ಜೋಡಿ ಜಗಳಾಡು. ಆಮ್ಯಾಲೆ ಹೆಸರು ಕೂಗೋಣ."

ಅವನು ನಕ್ಕು ಚಹಾದ ಲೋಟ ನನ್ನ ಕಡೆ ಸರಿಸಿದ. ಕೊನೆಗೆ ನಾನೇ ಆ ಹುಡುಗಿಯ ಪರ ವಾದಿಸಲು ಬಾಯಿ ತೆರೆದೆ. ಅಕ್ಕಾರ ಮಾತುಗಳೆಲ್ಲ ಒಂದೂ ಬಿಡದೆ ನೆನಪಿದ್ದವು. ಅವರ ಆ ಜೋರು ಮಾತ್ರ ನನ್ನ ದನಿಯಲ್ಲಿ ಬರಲಿಲ್ಲ.