ಜೀವಕೋಶಗಳ ಸೋಮವಾರ

ಡಬ್ಬಿಯ ಮುಚ್ಚಳ ತೆಗೆದೊಡನೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಲ್ಯಾಬಿನ ಪಕ್ಕದ ಸಣ್ಣ ಕೋಣೆಯನ್ನೆಲ್ಲ ತುಂಬಿತು. ಅಬ್ಬಿಗೇರಿಯಿಂದ ದೊಡ್ಡವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ, ಚಟ್ನಿ. ನರಗುಂದದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ನಿನ್ನೆ ಧಾರವಾಡ ಮುಟ್ಟಿದ್ದವು. ಒಂದು ಚೂರು ಮುರಿಯಬೇಕು ಎನ್ನುವಷ್ಟರಲ್ಲಿ ಫೋನು ರಿಂಗಾಯಿತು. ದೊಡ್ಡವ್ವನದೇ. ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಎತ್ತುವ ಮೊದಲು ನಿಮಗೆ ಒಂದಿಷ್ಟು ಹೇಳಬೇಕು. ಫೋನು ರಿಂಗಾಗುತ್ತಿರಲಿ, ದೊಡ್ಡವ್ವ ಒಮ್ಮೆಗೇ ಬಿಡುವವಳಲ್ಲ.

ನನ್ನ ಕಸುಬು ಇಣುಕಿ ನೋಡುವುದು. ಇನ್ಸುಲಿನ್ ಬಂದು ಜೀವಕೋಶದ ಕದ ತಟ್ಟಿದಾಗ ಒಳಗಿನ ಒಂದು ಪ್ರೋಟೀನು ಎದ್ದು ಬಂದು ಕದದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇಬ್ಬರಿಗೂ ನಾವು ಹೊಳೆಯುವ ಬಾಲ ಕಟ್ಟಿರುತ್ತೇವೆ. ಹತ್ತಿರ ಬಂದರೆ ಬೆಳಕಿನ ಬಣ್ಣ ಬದಲಾಗುತ್ತದೆ. ಕೋಶ ಬದುಕಿರುವಾಗಲೇ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಉಂಡು ತೃಪ್ತವಾದ ಕೋಶಗಳಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಹಿಂದಿನ ದಿನ ಅವುಗಳನ್ನು ಉಪವಾಸ ಕೆಡವುತ್ತೇವೆ. ಪಿಎಚ್‌ಡಿಗೆಂದು ಐದು ವರ್ಷ ನಾನು ಮಾಡಿದ ಘನಕಾರ್ಯ ಇದು.

ಎರಡು ವರ್ಷದ ಹಿಂದೆ ಇಂಥದೇ ಒಂದು ಸೋಮವಾರ ಅಬ್ಬಿಗೇರಿಯಲ್ಲಿ ಹೊರಸಿನ ಮೇಲೆ ಕೂತು ಇದನ್ನೆಲ್ಲ ದೊಡ್ಡವ್ವನಿಗೆ ಕೊರೆಯುತ್ತಿದ್ದೆ. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ. ನನ್ನ ಮಾತಿಗೆ ಮೊದಲು "ಹೂಂ" ಎನ್ನುತ್ತಿದ್ದವಳು ಆಮೇಲೆ ಸುಮ್ಮನಾದಳು. ನನ್ನ ವಿದ್ವತ್ತಿಗೆ ಬೆರಗಾಗಿದ್ದಾಳೆ ಎಂದುಕೊಂಡು ಇನ್ನೂ ಕಾಲು ತಾಸು ಮಾತಾಡಿದೆ. ನೋಡಿದರೆ ಹಣೆಯ ತುಂಬ ಬೆವರು, ಕೈ ನಡುಗುತ್ತಿದೆ. ಸೂಜಿ ಚುಚ್ಚಿಕೊಂಡಿದ್ದಾಳೆ, ಸೋಮವಾರವೆಂದು ಊಟ ಮಾಡಿಲ್ಲ. ಹಸಿದ ದೇಹಕ್ಕೆ ಇನ್ಸುಲಿನ್, ಥೇಟ್ ನನ್ನ ಪ್ರಯೋಗವೇ.

ರಕ್ತದ ಸಕ್ಕರೆ ಕುಸಿದಿದೆ, ಕೂಡಲೇ ಸಿಹಿ ಕೊಡಬೇಕು. ಸಕ್ಕರೆ ಎಲ್ಲಿ? ಮನೆಯ ಸಕ್ಕರೆ ಬೆಲ್ಲವನ್ನೆಲ್ಲ ದೊಡ್ಡಪ್ಪ ಅವಳ ಕೈಗೆ ಸಿಗದಂತೆ ತಿಜೋರಿಯಲ್ಲಿಟ್ಟು, ಬೀಗ ಹಾಕಿ, ಕೀಲಿ ಉಡದಾರಕ್ಕೆ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದ. ಇನ್ಸುಲಿನ್ನಿನ ಒಂದೊಂದು ಹೆಜ್ಜೆಯನ್ನೂ ಬಲ್ಲ ನಾನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಸೋಡಾ ಪುಡಿಯ ಡಬ್ಬಿಗಳ ನಡುವೆ ತಿರುಗಿ ತಿರುಗಿ ಒದರಾಡಿದೆ. ಕಡೆಗೆ ದೊಡ್ಡವ್ವನೇ ನಡುಗುವ ಬೆರಳನ್ನು ಜೋಳದ ಹಿಟ್ಟಿನ ಡಬ್ಬಿಯ ಕಡೆ ಚಾಚಿದಳು. ಮೊಣಕೈವರೆಗೆ ಕೈ ಹಾಕಿದೆ. ತಳದಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಬೆಲ್ಲ! ಕಳ್ಳತನದ ಬೆಲ್ಲ ಅವತ್ತು ಅವಳ ಜೀವ ಉಳಿಸಿತು. ಬೆಲ್ಲದ ನೀರು ಕುಡಿದು ಚೇತರಿಸಿಕೊಂಡವಳು ಅಳಲು ಶುರು ಮಾಡಿದಳು.

"ಸ್ವಾಮಾರ ಕೆಟ್ಟಿತಲ್ಲೋ ತಮ್ಮಾ. ಲಗ್ನಾ ಆಗಿ ಈ ಮನಿಗೆ ಬಂದಾಗಿಂದ ಒಂದೂ ಬಿಟ್ಟಿದ್ದಿಲ್ಲ."

ಜೀವ ಹೋಗುತ್ತಿತ್ತು ಎಂದರೆ ಅದಕ್ಕೆ ಲಕ್ಷ್ಯವಿಲ್ಲ. ನಾನು ಹೆದರಿದ್ದೆ, ನಿಜವಾಗಿ ಹೆದರಿದ್ದೆ. ಮರುದಿನವೇ ರೋಣದ ದವಾಖಾನೆಗೆ ಕರೆದುಕೊಂಡು ಹೋದೆ.

"ಅಮ್ಮಾರ, ಸೂಜಿ ಮಾಡಿಕೊಂಡು ಉಪವಾಸ ಕುಂತ್ರ ಒಂದಿನ ಏಳಂಗಿಲ್ಲ ನೋಡ್ರಿ," ಎಂದರು ಡಾಕ್ಟರು.

"ಹೌದ್ರಿ ಸಾಹೇಬ್ರ, ಖರೇ ಐತ್ರಿ," ಎಂದು ಕೈಮುಗಿದು ಬಂದವಳು ಬಸ್ಸಿನಲ್ಲಿ ಕೂತೊಡನೆ, "ಸ್ವಾಮಾರಕ್ಕೊಮ್ಮೆ ಸೂಜೀನ ಬಿಟ್ರಾತು," ಎಂದಳು. ನಾನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಲ್ಯಾಬಿನ ಗೆಳತಿಯ ಫೋನು ಬಂತು. "ಇವತ್ತು ಎಲ್ಲಾ ಉಪವಾಸ ಇರಲಿ, ನಾಳೆ ಇನ್ಸುಲಿನ್ ಕೊಡೋಣ," ಎಂದು ಹೇಳಿ ಇಟ್ಟೆ. ದೊಡ್ಡವ್ವನ ಕಿವಿ ನಿಮಿರಿತ್ತು.

"ಯಾರನ್ನ ಉಪವಾಸ ಕೆಡವಾಕತ್ತೀಯೋ?"

"ಜೀವಕೋಶ ಬೇ. ಯಾರೋ ಪುಣ್ಯಾತ್ಮನ ಲಿವರ್‌ನ್ಯಾಗಿಂದ ತಗದಿದ್ದು, ಬೆಳಸ್ಕೊಂತ ಬಂದೀವಿ."

"ಎಷ್ಟ್ ಅದಾವ?"

"ಒಂದೊಂದ್ ತಾಟಿನ್ಯಾಗ ಲಕ್ಷಗಟ್ಟಲೆ."

"ಉಪವಾಸ ಇಲ್ಲದ ದಿನ ಏನ್ ತಿಂತಾವ?"

ನೋಡಿ, ಇಲ್ಲಿ ನಾನು ಜಾರಿದೆ. ಅವುಗಳ ಆಹಾರದಲ್ಲಿ ಮುಖ್ಯವಾದದ್ದು ಕರುವಿನ ರಕ್ತದಿಂದ ತೆಗೆದ ಸೀರಮ್. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಹೆಂಗಸಿಗೆ ಬಸ್ಸಿನಲ್ಲಿ ಇದನ್ನು ಹೇಳಲಾದೀತೇ? "ಗುಲಾಬಿ ಬಣ್ಣದ ಪಾನಕ ಬೇ," ಎಂದೆ. ಬಣ್ಣದ ಮಟ್ಟಿಗೆ ಅದು ನಿಜ.

ಅಬ್ಬಿಗೇರಿಯ ಅಗಸಿ ಬಾಗಿಲು ಕಾಣುವವರೆಗೆ ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ತೀರ್ಪು ಕೊಟ್ಟಳು: "ಹಂಗಾರ ನನ್ನ ಸ್ವಾಮಾರ ಅವು ಹಿಡೀಲಿ. ನಾ ಒಬ್ಬಾಕಿ, ಅವು ಲಕ್ಷ. ದೇವ್ರಿಗೇನ್ ಲುಕ್ಸಾನು? ಅವು ಉಪವಾಸ ಅದಾವು ಅಂತ ನೀ ಹೇಳು, ನಾ ಉಣ್ತೀನಿ. ಆದ್ರ ಸುಳ್ಳ ಹೇಳಬ್ಯಾಡ."

ಡಾಕ್ಟರ ಕೈಯಲ್ಲಿ ಆಗದ್ದು ಹೀಗೆ ಆಯಿತು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಉಪವಾಸ ಸೋಮವಾರ, ಇನ್ಸುಲಿನ್ ಮಂಗಳವಾರ. ವಿಧಾನದ ಪುಸ್ತಕದಲ್ಲೂ ಹಾಗೇ ಬರೆದೆ. ಹೊಸದಾಗಿ ಸೇರಿದವರು ಇದಕ್ಕೇನೋ ಆಳವಾದ ವೈಜ್ಞಾನಿಕ ಕಾರಣವಿದೆಯೆಂದು ನಂಬಿ ತಪ್ಪದೆ ಪಾಲಿಸುತ್ತಾರೆ. ದೊಡ್ಡವ್ವ ವಿಭೂತಿಯನ್ನೂ ಕಳಿಸಿದಳು. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಹೊರಗಿನ ಕದದ ಮೂಲೆಯಲ್ಲಿ ಸಣ್ಣದಾಗಿ ಮೂರು ಗೆರೆ ಎಳೆದೆ. ಗೈಡ್ ಕೇಳಿದಾಗ ಅಳತೆಯ ಗುರುತು ಎಂದೆ. ಅಂದಹಾಗೆ ಉಪವಾಸದ ದಿನ ನಾವು ತೆಗೆಯುವುದು ಆ ಸೀರಮ್ಮನ್ನೇ, ಬರೀ ಪಾನಕ ಉಳಿಯುತ್ತದೆ. ಅಂದರೆ ಸೋಮವಾರದ ಮಟ್ಟಿಗೆ ನಮ್ಮ ಕೋಶಗಳು ಶುದ್ಧ ಶಾಕಾಹಾರಿಗಳು, ನನ್ನ ಪಾಪವೂ ಅಷ್ಟರಮಟ್ಟಿಗೆ ಕಡಿಮೆ.

ಪ್ರತಿ ಸೋಮವಾರ ದೊಡ್ಡವ್ವ ಸೂಜಿ ಚುಚ್ಚಿಕೊಂಡು, ತಾಟು ಮುಂದಿಟ್ಟುಕೊಂಡು ಫೋನು ಮಾಡುತ್ತಾಳೆ. ಮೊದಲು ಫೋನು, ಆಮೇಲೆ ಸೂಜಿ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ನಾನು ಹೌದೆನ್ನದೆ ತುತ್ತು ಎತ್ತುವುದಿಲ್ಲ.

ಇವತ್ತಿನ ಸಂಕಟ ಇಷ್ಟೇ: ಬೆಳಿಗ್ಗೆ ಬಂದು ಪೆಟ್ಟಿಗೆ ತೆರೆದರೆ ಎಲ್ಲ ತಟ್ಟೆಗಳಲ್ಲೂ ಬೂಷ್ಟು ಬೆಳೆದಿದೆ. ಒಂದು ಕೋಶವೂ ಉಳಿದಿಲ್ಲ. ಉಪವಾಸ ಹಿಡಿಯಲು ಲಕ್ಷವಿರಲಿ, ಒಂದೂ ಇಲ್ಲ.

ಫೋನು ಎರಡನೆಯ ಸಲ ರಿಂಗಾಯಿತು. ಎತ್ತಿದೆ.

"ಎಲ್ಲಿ ಹೋಗಿದ್ದ್ಯೋ ತಮ್ಮಾ? ಉಪವಾಸ ಹಿಡದಾವಿಲ್ಲೋ?"

ಬಾಯಿಗೆ ಸುಳ್ಳು ಬಂದಿತ್ತು. ಅವಳ ಬೆವರಿದ ಹಣೆ ನೆನಪಾಯಿತು, ಸುಳ್ಳು ಹೇಳಬೇಡ ಎಂದದ್ದೂ ನೆನಪಾಯಿತು. ಶಿವರಾತ್ರಿಯಂದೂ ಕದ್ದು ಮಿರ್ಚಿ ಭಜಿ ತಿಂದ ನಾನು, ನನ್ನ ಮೈಯಲ್ಲಿರುವುದೂ ಜೀವಕೋಶಗಳೇ ಅಲ್ಲವೇ ಎಂದುಕೊಂಡು, ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ.

"ಉಪವಾಸ ಐತಿ ಬೇ. ನೀ ಲಗೂ ಉಣ್ಣು."

"ನಿನ್ನ ದನಿ ಯಾಕ ಸಣ್ಣಾಗೇತಿ? ನೀ ಉಂಡಿಯಿಲ್ಲೋ?"

"ನಾ ಆಮ್ಯಾಲೆ ಉಣ್ತೀನಿ. ನೀ ಉಣ್ಣೂದು ನನಗ ಕೇಳಸ್ಬೇಕು."

ಆ ಕಡೆ ರೊಟ್ಟಿ ಮುರಿದ ಸದ್ದು ಕೇಳಿತು, ಅಗಿದ ಸದ್ದೂ ಕೇಳಿತು. ನನ್ನ ಹೊಟ್ಟೆ ಗುರ್ ಎಂದಿತು. ಹೊಸ ಕೋಶಗಳು ಬಂದು ತಟ್ಟೆ ತುಂಬಲು ಇನ್ನೂ ಎರಡು ಸೋಮವಾರ ಬೇಕು.