ಸಂಗೀತಕ್ಕೊಂದು ಪೇಟಿ

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಗಲೂ ಯಾರಾದರೂ ಮೊದಲೇ ಹೇಳಿದ್ದರೆ ನಾನು ಇವತ್ತು ಇದನ್ನು ಬರೆಯುತ್ತ ಕೂರುತ್ತಿರಲಿಲ್ಲ, ಎಲ್ಲಾದರೂ ಹಾಡುತ್ತ ಕೂತಿರುತ್ತಿದ್ದೆ.

ನಮ್ಮೂರು ಯಾದಗಿರಿ ಪಕ್ಕದ ಮುದನಾಳ. ಮನೆಯಲ್ಲಿ ಕುರಿ ಇದ್ದವು, ಮಳೆ ನಂಬಿದ ಒಂದು ತುಂಡು ಹೊಲ ಇತ್ತು. ನನ್ನನ್ನು ಓದಲಿಕ್ಕೆಂದು ಯಾದಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟಿದ್ದರು. ನಿಜಾಮನ ಕಾಲ ಮುಗಿದು, ಶಾಲೆಯಲ್ಲಿ ಉರ್ದು ಪುಸ್ತಕಗಳು ಹೋಗಿ ಕನ್ನಡ ಪುಸ್ತಕಗಳು ಬಂದಿದ್ದವು. ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸೇರಿದ ದಿನ ಶಾಲೆಯಲ್ಲಿ ಸಕ್ಕರೆ ಹಂಚಿ, ದೊಡ್ಡವರೆಲ್ಲ ಭಾಷಣ ಮಾಡಿದರು. ಇನ್ನು ಮುಂದೆ ಎಲ್ಲರದೂ ಒಂದೇ ಭಾಷೆ ಎಂದು ಹೆಡ್ ಮಾಸ್ತರರು ಹೇಳಿದಾಗ ನಾವು ಜೋರಾಗಿ ಚಪ್ಪಾಳೆ ಹೊಡೆದೆವು. ನಾನು ಸ್ವಾಗತದ ಹಾಡು ಹಾಡಿದೆ.

ಹಾಡು ನನಗೆ ಶಾಲೆಯಲ್ಲಿ ಮಾತ್ರ ಸಿಗುವ ವಸ್ತುವಾಗಿತ್ತು. ಅವ್ವನಿಗೆ ನನ್ನ ಹಾಡು ಕಂಡರಾಗದು. "ಹಿಂಗ ಹಾಡ್ಕೋತ ತಿರುಗಿದ್ರ ನಾಟಕದಾಕಿ ಅಂತಾರ. ನಿನ್ನ ಯಾರ ಮಾಡ್ಕೋತಾರ?" ಅನ್ನುತ್ತಿದ್ದಳು, ಚಿಕ್ಕಮ್ಮನಿಗೂ ಅದೇ ತಾಕೀತು ಮಾಡಿಟ್ಟಿದ್ದಳು. ಅಪ್ಪ ಮಾತ್ರ, "ಹಾಡ್ಲಿ ಬಿಡ, ಈಕಿ ದನಿಗಿ ನಮ್ಮ ಕುರಿ ಸೈತ ತಿರುಗಿ ನೋಡ್ತಾವ" ಎಂದು ಚೇಷ್ಟೆ ಮಾಡುತ್ತಿದ್ದ. ಕುರಿಗಳ ಮೆಚ್ಚುಗೆ ಕಟ್ಟಿಕೊಂಡು ನಾನೇನು ಮಾಡಲಿ? ಶಾಲೆಯ ಗಂಟೆಯೊಳಗೆ ಹಾಡಿದರೆ ಅದು ಪಾಠ. ಪಾಠಕ್ಕೆ ಅವ್ವನೂ ಅಡ್ಡ ಬರುತ್ತಿರಲಿಲ್ಲ. ಹೀಗಾಗಿ ನನ್ನ ಜೀವವೆಲ್ಲ ಆ ಒಂದು ಸಂಗೀತದ ತಾಸಿನಲ್ಲಿತ್ತು.

ಆ ತಾಸಿನ ಮಾಸ್ತರರಿಗೆ ನಾವು ಪೇಟಿ ಮಾಸ್ತರ ಅನ್ನುತ್ತಿದ್ದೆವು. ಅವರ ಹತ್ತಿರ ಪೇಟಿ ಇರಲಿಲ್ಲ. ನಾಟಕ ಕಂಪನಿಯೊಂದರಲ್ಲಿ ಪೇಟಿ ಬಾರಿಸುತ್ತಿದ್ದವರು. ಕಂಪನಿ ಯಾದಗಿರಿಯಲ್ಲಿ ಬಿದ್ದುಹೋಯಿತು. ಮಾಲೀಕ ಪರದೆಗಳ ಜೊತೆ ಪೇಟಿಯನ್ನೂ ಕಟ್ಟಿಕೊಂಡು ಹೋದ, ಮಾಸ್ತರರು ಉಳಿದರು. ಹೆಡ್ ಮಾಸ್ತರರು ಅವರನ್ನು ತಾತ್ಕಾಲಿಕವಾಗಿ ಶಾಲೆಗೆ ಕರೆದುಕೊಂಡರು. ಮೃದು ಮನುಷ್ಯ ಎಂದೇನೂ ತಿಳಿಯಬೇಡಿ. ನಶ್ಯ ಏರಿಸಿ ಕೂರುವರು, ಸ್ವರ ತಪ್ಪಿದವರ ಮೇಲೆ ಸೀಮೆಸುಣ್ಣ ಎಸೆಯುವರು, ತಮ್ಮ ಹಳೆಯ ಕಂಪನಿಯ ಬಗ್ಗೆ ಕೊಚ್ಚಿಕೊಳ್ಳುವರು. ಮಾತಾಡುವಾಗಲೂ ಅವರ ಬಲಗೈ ಬೆರಳುಗಳು ಮೇಜಿನ ಮೇಲೆ ಓಡಾಡುತ್ತಲೇ ಇರುತ್ತಿದ್ದವು.

ಪೇಟಿ ಇಲ್ಲದೆ ಇಡೀ ತರಗತಿಗೆ ಹಾಡು ಕಲಿಸುವುದೆಂದರೆ ಆಗದ ಮಾತು. ಹಿಡಿದುಕೊಳ್ಳಲು ಒಂದು ಶ್ರುತಿ ಇಲ್ಲ. ಒಬ್ಬಳ ದನಿ ಯಾದಗಿರಿಯಲ್ಲಿ, ಇನ್ನೊಬ್ಬನದು ಶಹಾಪುರದಲ್ಲಿ, ಹಿಂದಿನ ಸಾಲಿನವರದು ಇನ್ನೂ ಬಸ್ಸೇ ಹತ್ತಿಲ್ಲ. ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು. ಒಮ್ಮೆ ಎಲ್ಲರನ್ನೂ ಸುಮ್ಮನಿರಿಸಿ ನನ್ನೊಬ್ಬಳ ಕೈಲಿ ಹಾಡಿಸಿದರು. ಮುಗಿದ ಮೇಲೆ ಸೀಮೆಸುಣ್ಣ ಎಸೆಯಲಿಲ್ಲ.

"ಪೇಟಿ ಬರ್ಲಿ," ಅಂದರು. "ನಿನ್ನ ದನಿ ಯಾವ ಮನ್ಯಾಗ ಕುಂದರ್ತದ ನೋಡೂಣು. ಮನಿ ಗೊತ್ತಾತಂದ್ರ ಆಮ್ಯಾಲೆ ನಿನ್ನ ಹಿಡಿಯೋರಿಲ್ಲ."

ಮನೆ ಅಂದರೆ ಪೇಟಿಯ ಮೇಲಿನ ಕಪ್ಪು, ಬಿಳಿ ಪಟ್ಟಿಗಳು. ಒಬ್ಬೊಬ್ಬರ ದನಿಗೆ ಒಂದೊಂದು ಮನೆ ಇರುತ್ತದಂತೆ. ಅಲ್ಲಿಂದ ಶುರು ಮಾಡಿದರೆ ಮೇಲೆ ಏರಿದರೂ ಕಟ್ಟಿಕೊಳ್ಳುವುದಿಲ್ಲ, ಕೆಳಗೆ ಇಳಿದರೂ ಹೂತುಹೋಗುವುದಿಲ್ಲ. ನನಗೂ ಅಂಥದೊಂದು ಮನೆ ಇದೆ ಎಂಬುದೇ ನನಗೆ ದೊಡ್ಡ ಸುದ್ದಿ. ಚಿಕ್ಕಮ್ಮನ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅದೇ ಧ್ಯಾನ.

ಹಾಗಿರುವಾಗ ಶಾಲೆ ನೋಡಲು ಹೊಸ ಇನ್‌ಸ್ಪೆಕ್ಟರು ಬಂದರು. ಮೈಸೂರು ಕಡೆಯವರು. ಶುಭ್ರ ಪಂಚೆ, ಮೇಲೆ ಕೋಟು, ಮೆತ್ತಗಿನ ಮಾತು. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತೇನೋ, ಪ್ರತಿ ಮಾತಿಗೂ ತುಸು ಹಿಂದೆ ಸರಿಯುತ್ತಿದ್ದರು. ಹೆಡ್ ಮಾಸ್ತರರು ಅವರನ್ನು ನಮ್ಮ ತರಗತಿಗೇ ಕರೆತಂದು ನನ್ನಿಂದ ಹಾಡಿಸಿದರು. ಇನ್‌ಸ್ಪೆಕ್ಟರು ತಲೆದೂಗಿದರು. ಮುಂದಿನ ಸಲ ಬಂದಾಗ ಎಲ್ಲ ವ್ಯವಸ್ಥೆ ಸರಿಯಾಗಿದ್ದರೆ ಸಂಗೀತದ ತಾಸನ್ನೂ ಮಾಸ್ತರರ ಕೆಲಸವನ್ನೂ ಕಾಯಂ ಮಾಡಿಸುವುದಾಗಿ ಹೇಳಿದರು. "ಏನು ಬೇಕು ಹೇಳಿ, ಕಳಿಸೋಣ" ಅಂದರು.

"ಸಂಗೀತಕ್ಕೊಂದು ಪೇಟಿ ಬೇಕ್ರಿ ಸಾಹೇಬ್ರ," ಅಂದರು ಹೆಡ್ ಮಾಸ್ತರರು.

"ದೊಡ್ಡದೋ, ಚಿಕ್ಕದೋ?"

ಪೇಟಿ ಮಾಸ್ತರರು ತಾವೇ ಮುಂದೆ ಬಂದರು. "ಭಾಳ ದೊಡ್ಡದು ಬ್ಯಾಡ್ರಿ. ಒಬ್ಬ ಮನಷ್ಯಾ ಎತ್ತೂವಂಥಾದು ಸಾಕ್ರಿ."

"ಬೀಗ ಇರಬೇಕಾ?"

"ಇದ್ರ ಚಲೋನ ಆತ್ರಿ. ಹುಡುಗೂರು ಸುಮ್ನಿರಂಗಿಲ್ಲ, ಬಂದು ಬಂದು ಬೆರಳು ಹಾಕ್ತಾವ."

"ಮಕ್ಕಳೇ ಹಾಗೆ," ಎಂದು ಇನ್‌ಸ್ಪೆಕ್ಟರು ನಕ್ಕು ಬರೆದುಕೊಂಡರು. ಎರಡು ಕಡೆಯವರೂ ಎಷ್ಟು ಚೆನ್ನಾಗಿ ಮಾತಾಡಿಕೊಂಡರು! ಒಂದು ಮಾತೂ ಎಡವಲಿಲ್ಲ. ಮೊದಲ ಸಾಲಿನಲ್ಲಿ ಕೂತು ನಾನೇ ಕೇಳಿಸಿಕೊಂಡೆ, ನನಗೂ ಏನೂ ಅನ್ನಿಸಲಿಲ್ಲ.

ಪೇಟಿ ಬಂದದ್ದು ಬೇಸಿಗೆ ರಜೆ ಮುಗಿದ ಮೇಲೆ. ಗೋಣಿತಟ್ಟಿನಲ್ಲಿ ಸುತ್ತಿದ್ದನ್ನು ಹಮಾಲನೊಬ್ಬ ಸ್ಟೇಷನ್ನಿನಿಂದ ಹೊತ್ತು ತಂದ. ಮಾಸ್ತರರು ಕೈ ತೊಳೆದು ಬಂದರು. ಹಣೆಗೆ ವಿಭೂತಿಯನ್ನೂ ಹಚ್ಚಿಕೊಂಡಿದ್ದರು. ಯಾರಿಗೂ ಮುಟ್ಟಗೊಡದೆ ತಾವೇ ಹುರಿ ಬಿಚ್ಚಿ ತಟ್ಟು ಸರಿಸಿದರು. ಒಳಗೆ ಹಸಿರು ಬಣ್ಣದ ತಗಡಿನ ಪೆಟ್ಟಿಗೆ ಇತ್ತು. ಹೊಸದು, ಗಟ್ಟಿಮುಟ್ಟಾದದ್ದು. ಒಬ್ಬ ಮನುಷ್ಯ ಎತ್ತಬಹುದಾದದ್ದು. ಬೀಗವೂ ಇತ್ತು.

ಪೇಟಿ ಒಳಗಿರಬೇಕೆಂದು ಮಾಸ್ತರರು ಬೀಗ ತೆಗೆದು ನೋಡಿದರು. ಒಳಗೆ ಬಣ್ಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹುಡುಗರು ಕಿಸಕ್ಕೆಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದು ಮಾತ್ರ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಹೆಡ್ ಮಾಸ್ತರರು ಗುಲಬರ್ಗಾದ ಕಚೇರಿಗೆ ಹೋಗಿ ಬಂದರು. ಕೇಳಿದ್ದು ಪೇಟಿ, ಕೊಟ್ಟದ್ದು ಪೇಟಿ, ಸಂಗೀತದ ಬಾಬತ್ತು ಮುಗಿಯಿತು ಎಂದು ಅಲ್ಲಿಯವರು ಹೇಳಿ ಕಳಿಸಿದರು. ಮಾಸ್ತರರು ಬಾಯಿಯಲ್ಲೇ ಸ್ವರ ಕೊಟ್ಟು ಪಾಠ ಮುಂದುವರಿಸಿದರು. ದನಿ ಒಡೆಯುವತನಕ ಕೊಡುವರು, ನೀರು ಕುಡಿದು ಮತ್ತೆ ಕೊಡುವರು. ಪೆಟ್ಟಿಗೆಯಲ್ಲಿ ತಮ್ಮ ಒಂದು ಜೊತೆ ತಾಳ ಇಟ್ಟುಕೊಂಡಿದ್ದರು. ಅದನ್ನು ತೆಗೆಯುವಾಗಲೆಲ್ಲ ಮುಚ್ಚಳ ಕಿರ್ರೆನ್ನುತ್ತಿತ್ತು. ಆ ಪೆಟ್ಟಿಗೆ ಹೊರಡಿಸಿದ್ದು ಅದೊಂದೇ ಸ್ವರ.

ಮತ್ತೆ ಅದೇ ಇನ್‌ಸ್ಪೆಕ್ಟರು ಬಂದರು. ಪೆಟ್ಟಿಗೆ ತೆರೆಸಿ ನೋಡಿದರು.

"ಏನ್ರೀ ಇದು? ಪೆಟ್ಟಿಗೆ ಕೊಟ್ಟಿದ್ದೀವಿ. ಅದರಲ್ಲಿಡೋ ಸಂಗೀತದ ಸಾಮಾನೆಲ್ಲಿ?"

"ಅದ ಸಾಮಾನು ನಾವು ಕೇಳಿದ್ವಿರಿ," ಅಂದರು ಹೆಡ್ ಮಾಸ್ತರರು. "ಇದು ಪೆಟಗಿ ಆತ್ರಿ. ನಾವು ಕೇಳಿದ್ದು ಪೇಟಿ. ಬಾರಸೂ ಪೇಟಿ."

ಇನ್‌ಸ್ಪೆಕ್ಟರು "ಓ, ಹಾರ್ಮೋನಿಯಮ್ಮಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ನಗು ಬಂದಿತ್ತು. ಹೆಡ್ ಮಾಸ್ತರರೂ ನಕ್ಕರು. ಪೇಟಿ ಮಾಸ್ತರರೂ ನಗಬೇಕಾಯಿತು. ಅವರು ಹಾಗೆ ಹಲ್ಲು ಕಿರಿದದ್ದನ್ನು ನಾನು ನೋಡಬಾರದಿತ್ತು. ಆ ನಗುವಿಗಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ನಕ್ಕು ಮುಗಿದ ಮೇಲೆ ಇನ್‌ಸ್ಪೆಕ್ಟರು ಕಣ್ಣೊರೆಸಿಕೊಂಡು, ಹಾರ್ಮೋನಿಯಂ ನಾಟಕದವರ ವಾದ್ಯ, ಶಾಲೆಗೆ ಅದು ಹೇಗೆ ಸರಿಹೋಗುತ್ತದೆ ಅಂದರು. ಮಾಸ್ತರರು ಸಂಗೀತದ ಪರೀಕ್ಷೆ ಪಾಸು ಮಾಡಿದ್ದಾರೆಯೇ ಎಂದು ವಿಚಾರಿಸಿದರು. ಕಂಪನಿಯಲ್ಲಿ ಯಾರು ಪರೀಕ್ಷೆ ಇಡುತ್ತಾರೆ? ಮಾಸ್ತರರು ಇಲ್ಲವೆಂದು ತಲೆ ಅಲ್ಲಾಡಿಸಿದರು. ದಸರೆಯ ಹೊತ್ತಿಗೆ ಸಂಗೀತದ ತಾಸು ಹೋಯಿತು. ಆ ತಾಸಿನಲ್ಲಿ ತಕಲಿಯಿಂದ ನೂಲು ತೆಗೆಯುವುದು ಬಂತು. ಹತ್ತಿ, ತಕಲಿ ಎಲ್ಲ ಹಸಿರು ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಹಿಡಿಸಿದವು.

ಹೋಗುವ ದಿನ ಮಾಸ್ತರರು ತಾಳಗಳನ್ನು ಪಂಚೆಯಲ್ಲಿ ಸುತ್ತಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಮಾಸ್ತರ, ನನ್ನ ಮನಿ ಯಾವುದ್ರಿ?" ಎಂದು ಕೇಳಿದೆ.

"ಪೇಟಿ ಇಲ್ದ ಹ್ಯಾಂಗ ಹೇಳ್ಲೆವ್ವಾ," ಅಂದರು. "ಸುಳ್ಳ ಹೇಳಿದ್ರ ಜನ್ಮ ಪೂರ್ತಿ ತಪ್ಪು ಹಾಡ್ತಿ."

ಆಮೇಲೆ ಮಾಸ್ತರರು ಶಹಾಪುರದ ಶಾಲೆಯಲ್ಲಿ ಕೆಲಸ ಕೇಳಿದರಂತೆ, ಸುರಪುರದಲ್ಲಿ ಕೇಳಿದರಂತೆ, ಎಲ್ಲ ಕಡೆಯೂ ಪರೀಕ್ಷೆಯ ಮಾತೇ ಬಂತಂತೆ. ಮುಂದೆ ಕೆಂಭಾವಿ ಸಂತೆಯಲ್ಲಿ ಎಲೆ ಅಡಿಕೆ ಮಾರುತ್ತ ಕೂತಿದ್ದನ್ನು ಚಿಕ್ಕಪ್ಪ ನೋಡಿ ಬಂದ. ಅವ್ವ ಅದನ್ನು ಕೇಳಿ, ನಾ ಹೇಳಿರಲಿಲ್ಲೇನು ಎಂಬಂತೆ ನನ್ನ ಮುಖ ನೋಡಿದಳು. ನಾನು ಹಾಡುವುದನ್ನು ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ಹಾಡಲು ಜಾಗ ಇರಲಿಲ್ಲ, ಅಷ್ಟೆ.

ನಾನೂ ಟೀಚರಾದೆ. ಗಣಿತ ಕಲಿಸಿದೆ. ಶಹಾಪುರದ ಶಾಲೆಯಲ್ಲಿ ನನ್ನ ಕೊನೆಯ ವರ್ಷಗಳಲ್ಲಿ, ಯಾರೂ ಕೇಳದೆ, ಮೇಲಿನಿಂದ ಒಂದು ಹಾರ್ಮೋನಿಯಂ ಬಂತು. ಬಾರಿಸುವವರು ಬರಲಿಲ್ಲ. ಅದನ್ನು ನನ್ನ ತರಗತಿಯ ಮೂಲೆಯಲ್ಲಿಟ್ಟರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ತರಗತಿ ಖಾಲಿ ಇತ್ತು. ಮುಚ್ಚಳ ತೆಗೆದು, ಗಾಳಿ ಹಾಕಿ, ಒಂದು ಕಪ್ಪು ಪಟ್ಟಿ ಒತ್ತಿ ‘ಸಾ’ ಎಂದೆ. ದನಿ ಮೇಲೆ ಹತ್ತಲಿಲ್ಲ. ಪಕ್ಕದ್ದನ್ನು ಒತ್ತಿದೆ. ಬಿಳಿಯದನ್ನು ಒತ್ತಿದೆ. ಕೊನೆಯ ಪಟ್ಟಿಯವರೆಗೂ ಹೋದೆ. ನನ್ನ ಗಂಟಲಿನಿಂದ ಬರುತ್ತಿದ್ದುದು ಯಾವ ಮನೆಯಲ್ಲೂ ಕೂರುವ ಸ್ಥಿತಿಯಲ್ಲಿರಲಿಲ್ಲ. ಆ ಮುಚ್ಚಳವನ್ನು ಮುಚ್ಚಿ ಚಿಲಕ ಹಾಕಿದೆ.

ಆಗ ಒಬ್ಬ ಹುಡುಗಿ ಕೈ ತೊಳೆದುಕೊಂಡು ಒಳಗೆ ಬಂದಳು. ಮೂಲೆಯಲ್ಲಿ ಕೂತ ನನ್ನನ್ನೂ ಅದನ್ನೂ ನೋಡಿ, "ಟೀಚರ್, ಆ ಪೆಟಗ್ಯಾಗ ಏನದರಿ?" ಎಂದು ಕೇಳಿದಳು.

"ಏನಿಲ್ಲವಾ," ಅಂದೆ. "ಹೋಗು, ಗಣಿತದ ಪುಸ್ತಕ ತಗಿ."